ಕೊರಳಿನ ಎರಡನೆಯ ದಾರ

ಗುರುವಾರ ಬಂತೆಂದರೆ ಮಾಣಿಕಬಾಯಿಗೆ ಮೈಯೆಲ್ಲ ಕಣ್ಣು. ಅವತ್ತು ಉದಗೀರದಿಂದ ಮೀನಲ ಎಂಬಾಕೆ ಎಸ್ಟಿ ಬಸ್ಸು ಹಿಡಿದು ಔರಾದ ಶಹಾಜನಿ ಊರಿಗೆ ಬರುತ್ತಿದ್ದಳು. ಬಂದು, ಮಾಣಿಕಬಾಯಿಯ ಸೊಸೆ ಶಿವಗಂಗಾಳನ್ನು ಅಂಗಳದ ತಗಡಿನ ಶೆಡ್ಡಿನಲ್ಲಿ ಕೂಡಿಸಿ, ಹುಬ್ಬು, ಕಣ್ಣ ಕೆಳಗೆ, ಗದ್ದ, ಕೊರಳ ಎಲುಬು ಅಂತ ಎರಡು ಬೆರಳಿನಿಂದ ಟಕಟಕ ತಟ್ಟುತ್ತಿದ್ದಳು. ಹೀಗೆ ತಟ್ಟುತ್ತ ಮನಸ್ಸಿನ ಮಾತು ಬಾಯಿಬಿಟ್ಟು ಹೇಳಿದರೆ ಅಂಜಿಕೆ ಇಳಿಯುತ್ತದಂತೆ! ಮಾಣಿಕಬಾಯಿ ಎಪ್ಪತ್ತು ವರ್ಷದಲ್ಲಿ ರೊಟ್ಟಿ ತಟ್ಟಿದ್ದಳು, ಸಗಣಿಯ ಕುಳ್ಳು ತಟ್ಟಿದ್ದಳು. ಮುಖ ತಟ್ಟಿ ಬೇನೆ ಬಿಡಿಸಿದ್ದನ್ನು ಮಾತ್ರ ಕಂಡಿರಲಿಲ್ಲ.

ಅಂಜಿಕೆಯೇನೋ ನಿಜ. ಊರೂರೇ ನೆಲಕ್ಕುರುಳಿದ ಆ ಭೂಕಂಪದ ರಾತ್ರಿ ಶಿವಗಂಗಾ ಉಮರ್ಗಾ ಕಡೆಯ ತವರಿನಲ್ಲಿದ್ದಳು. ಅಂಗಳದಲ್ಲಿ ಮಲಗಿದ್ದಕ್ಕೆ ಅವಳು ಉಳಿದಳು, ಒಳಗೆ ಮಲಗಿದ್ದ ತಾಯಿ ಕಲ್ಲುಮಣ್ಣಿನ ಮಾಳಿಗೆ ಕುಸಿದು ಅದರಡಿ ಸತ್ತಳು. ಆಮೇಲೆ ಹನ್ನೊಂದು ವರ್ಷ ಅವಳು ಗೋಡೆ ಕಟ್ಟಿದ ಮನೆಯೊಳಗೆ ಕಾಲಿಟ್ಟವಳಲ್ಲ. ಅಡುಗೆ, ಊಟ, ನಿದ್ದೆ ಎಲ್ಲ ಶೆಡ್ಡಿನಲ್ಲೇ. ಗಂಡ ಕಲ್ಯಾಣಪ್ಪ ಹೊಸ ಸ್ಲ್ಯಾಬಿನ ಮನೆ ಕಟ್ಟಿಸಿದರೂ ಹೊಸ್ತಿಲು ದಾಟಲಿಲ್ಲ. ಈಗ ಮಗಳು ಮಯೂರಿಯ ಮದುವೆ ಇಪ್ಪತ್ತು ದಿನಕ್ಕೆ ಬಂದಿತ್ತು. ಹೆತ್ತ ತಾಯಿಯೇ ಅಂಗಳದಲ್ಲಿ ನಿಂತರೆ ಮಗಳಿಗೆ ಒಳಗೆ ಅರಿಶಿನ ಹಚ್ಚುವವರು ಯಾರು? ಅದಕ್ಕೇ ಕಲ್ಯಾಣಪ್ಪ ಈ ಮೀನಲಳನ್ನು ಹುಡುಕಿ ತಂದಿದ್ದ.

ಮಾಣಿಕಬಾಯಿಗೆ ಆಕೆ ಮೊದಲ ದಿನವೇ ಹಿಡಿಸಲಿಲ್ಲ. ಆಕೆಯ ಚೀಲದಲ್ಲಿ ಒಂದು ಮುಖದ ಚಿತ್ರ, ಅದರ ತುಂಬ ಕೆಂಪು ಚುಕ್ಕೆ. ಮಾಟವಲ್ಲದೆ ಮತ್ತೇನು? ಅದೂ ಹೋಗಲಿ, ಮೂರನೆಯ ವಾರ ಅವಳು ಇನ್ನೊಂದನ್ನು ಕಂಡಳು. ಮೀನಲಳ ಬೆರಳು ಕೊರಳ ಎಲುಬಿಗೆ ಬಂದಾಗಲೆಲ್ಲ ಶಿವಗಂಗಾ ಗಬಕ್ಕನೆ ಸೆರಗು ಎಳೆದುಕೊಳ್ಳುತ್ತಿದ್ದಳು. ಸೆರಗಿನ ಸಂದಿಯಲ್ಲಿ ಲಿಂಗದ ದಾರದ ಪಕ್ಕಕ್ಕೆ ಮತ್ತೊಂದು ದಾರ ಕಂಡಿತು.

ತಾಯಿತ! ಲಿಂಗ ಕಟ್ಟಿದ ಕೊರಳಿಗೆ ತಾಯಿತ ಕಟ್ಟಿದ್ದಾಳೆ ಈ ಮಾಟಗಾತಿ! ಮಾಣಿಕಬಾಯಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಬಾಗಿಲ ಮರೆಯಿಂದ ದಡದಡ ಅಂಗಳಕ್ಕಿಳಿದಳು.

"ಏನ್ ಕಟ್ಟೀದಿ ನನ್ನ ಸೊಸಿ ಕೊರಳಿಗಿ?"

"ನಾ ಏನೂ ಕಟ್ಟಿಲ್ಲ, ಮಾವಶಿ," ಅಂದಳು ಮೀನಲ.

"ಕಳ್ಳನ ಹೆಂಡತಿ ಎಂದಿದ್ರೂ ಮುಂಡೆ ಅಂತಾರ. ಇವತ್ತು ಸಿಕ್ಕೀದಿ!" ಎಂದವಳೇ ಆ ಎರಡನೆಯ ದಾರಕ್ಕೆ ಕೈ ಹಾಕಿ ಎಳೆದಳು.

ಕೈಗೆ ಬಂದದ್ದು ತಾಯಿತವಲ್ಲ. ಲಿಂಗವಿಡುವ ಬೆಳ್ಳಿ ಕರಡಿಗೆ. ಒಂದು ಮಗ್ಗುಲು ಜಜ್ಜಿಹೋಗಿ, ಕಪ್ಪಾಗಿತ್ತು.

ಶಿವಗಂಗಾ ಅದನ್ನು ಕಸಿದುಕೊಂಡು ಎದೆಗೊತ್ತಿಕೊಂಡಳು. "ನಮ್ಮವ್ವಂದು ಅದ, ಅತ್ತಿ."

"ನಿಮ್ಮವ್ವಂದು ನಿನ್ನ ಹತ್ರ ಹ್ಯಾಂಗ ಬಂತು? ಹೆಣದ ಅಂಗೈಯಾಗ ಲಿಂಗ ಇಟ್ಟು ಮಣ್ಣು ಮಾಡ್ತೀವಲ್ಲ ನಾವು?"

"ಮಣ್ಣು ಎಲ್ಲಿ ಮಾಡಿದ್ರು? ಮಳಿ ಹತ್ತಿತ್ತು. ಎಲ್ಲಾ ಜಾತಿ ಹೆಣ ಒಂದೇ ಕಡಿ ಒಟ್ಟಿ ಬೆಂಕಿ ಹಚ್ಚಿದ್ರು. ಬೆಂಕ್ಯಾಗ ಲಿಂಗ ಹ್ಯಾಂಗ ಹಾಕಲಿ ಅಂತ ನಾನೇ ಬಿಚ್ಚಿಕೊಂಡೆ. ಬರಿಗೊರಳಲೆ ಕಳಿಸಿದೆ."

"ಹನ್ನೊಂದು ವರ್ಷ ನನಗ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳಲಿ? ನಾ ತಿರುಗಿ ಬಂದ ದಿನ ನೀವು ಓಣಿ ಮಂದಿ ಮುಂದ ಅಂದಿದ್ರಿ. ಲಿಂಗ ಇಲ್ದ ಸುಟ್ಟ ಹೆಣಕ್ಕ ಶಿವನ ಮನಿ ಬಾಗಿಲು ತೆರೆಯಂಗಿಲ್ಲ ಅಂತ. ಅವ್ವನ ಹೊರಗ ನಿಂದ್ರಿಸಿ ನಾ ಹ್ಯಾಂಗ ಒಳಗ ಹೋಗಲಿ, ಅತ್ತಿ?"

ಮಾಣಿಕಬಾಯಿಗೆ ಆ ಮಾತು ಆಡಿದ ನೆನಪೇ ಇರಲಿಲ್ಲ. ಆಡಿರಬೇಕು. ಅಂದು ಯಾರು ಏನು ಆಡಲಿಲ್ಲ? ಅಂಗಳದ ಮಣ್ಣಿನ ಮೇಲೆಯೇ ಕೂತಳು. ಮೀನಲ ಅವಳ ಕೈ ಹಿಡಿಯಲು ಬಂದರೆ, "ದೂರ ಸರಿ," ಎಂದು ಕೊಡವಿದಳು.

ಮರುದಿನ ಬೆಳಿಗ್ಗೆ ಅತ್ತೆ ಸೊಸೆ ಬಸ್ಸಿನಲ್ಲಿ ನಿಲಂಗಾ ಊರಿನ ಮೇಲೆ ಹಾಯ್ದು ಉಮರ್ಗಾ ಕಡೆಗೆ ಹೋದರು. ತವರಿನ ಹೊಲದಲ್ಲಿ, ಬೇವಿನ ಗಿಡದ ಬುಡಕ್ಕೆ ಮಾಣಿಕಬಾಯಿ ತಾನೇ ಕಳೆ ಕೀಳುವ ಕುರ್ಚಿಗಿ ಹಿಡಿದು ಕುಣಿ ತೋಡಿದಳು. ವಿಭೂತಿ, ಬಿಲ್ವಪತ್ರೆ ಹಾಕಿ ಕರಡಿಗೆಯನ್ನು ಮಣ್ಣಿಗೆ ಕೊಟ್ಟರು. "ಬೀಗತಿ, ತಪ್ಪು ನಂದು," ಎಂದು ಮಾಣಿಕಬಾಯಿ ಮಣ್ಣು ಮುಟ್ಟಿ ಅತ್ತಳು.

ಊರಿಗೆ ಬಂದಾಗ ಇನ್ನೂ ಬಿಸಿಲಿತ್ತು. ಶಿವಗಂಗಾ ಹೊಸ ಮನೆಯ ಬಾಗಿಲವರೆಗೆ ಬಂದಳು. ಕಾಲು ಅಲ್ಲೇ ನಿಂತಿತು.

"ಅಂಜಿಕಿ ಇನ್ನಾ ಅದ, ಅತ್ತಿ."

ಒಳಗಿನಿಂದ ಮಯೂರಿ ನೋಡುತ್ತಿದ್ದಳು. ಮಾಣಿಕಬಾಯಿ ಅತ್ತಿತ್ತ ನೋಡಿದಳು. ಆ ಮೀನಲಳ ಮೇಲೆ ಅವಳಿಗೆ ಈಗಲೂ ಎಳ್ಳಷ್ಟು ನಂಬಿಕೆಯಿರಲಿಲ್ಲ. ಆದರೂ ಮಣ್ಣು ಮೆತ್ತಿದ ಎರಡು ಬೆರಳು ಎತ್ತಿ, ಒಂದೇ ದಾರ ಉಳಿದಿದ್ದ ಆ ಕೊರಳಿನ ಎಲುಬಿನ ಮೇಲೆ ಟಕಟಕ ತಟ್ಟತೊಡಗಿದಳು.

"ಅನ್ನು. ನಮ್ಮ ಅತ್ತಿ ಸುಳ್ಳು ಹೇಳ್ಯಾಳ ಅನ್ನು."

"ಬ್ಯಾಡ್ರಿ ಅತ್ತಿ."

"ಅನ್ನು ಅಂದ್ರ ಅನ್ನು! ಓಣಿ ಮಂದಿ ಮುಂದ ಅಂದಿದ್ದೆ, ಓಣಿಗಿ ಕೇಳಂಗ ಅನ್ನು."

ಮೊದಲ ಸಲ ಬರೀ ತುಟಿ ಅಲುಗಿತು. ಎರಡನೆಯ ಸಲ ದನಿ ಬಂತು. ಮೂರನೆಯ ಸಲ ಶಿವಗಂಗಾ ಚೀರಿಯೇ ಹೇಳಿದಳು: "ನಮ್ಮ ಅತ್ತಿ ಸುಳ್ಳು ಹೇಳ್ಯಾಳ! ನಮ್ಮವ್ವ ಒಳಗ ಹೋಗ್ಯಾಳ!"

ಎದುರು ಮನೆಯವರು ಹೊರಗೆ ಬಂದು ನೋಡಿದರು. ಮಾಣಿಕಬಾಯಿ ಅವರಿಗೆ ಮುಖ ತೋರಿಸಿಕೊಂಡೇ ನಿಂತಳು. ಅವಳ ಬೆನ್ನ ಹಿಂದೆ ಸೊಸೆ ಹೊಸ್ತಿಲು ದಾಟಿದಳು.