ಎಣ್ಣೆಯಿಲ್ಲದ ಒಗ್ಗರಣೆ

ಜಜ್ಜಿದ ಬೆಳ್ಳುಳ್ಳಿ ಬಾಣಲೆಯ ತಳ ಹಿಡಿಯುತ್ತಿತ್ತು. ಶೇವಂತಾಬಾಯಿ ಬೆರಳದ್ದಿ ನೀರು ಚಿಮುಕಿಸಿ ಸೌಟಿನಿಂದ ಕೆರೆದಳು. ಎಣ್ಣೆ ಹಾಕದೆ ಒಗ್ಗರಣೆ ಮಾಡುವುದನ್ನು ಅವಳು ಕಲಿತದ್ದು ಈ ಚಳಿಗಾಲದಲ್ಲೇ. ಜೀರಿಗೆ, ಬೆಳ್ಳುಳ್ಳಿ ಹುರಿದು, ಬಣ್ಣ ತಿರುಗುವಷ್ಟರಲ್ಲಿ ಚೂರು ನೀರು, ಅದರ ಮೇಲೆ ಬೇಳೆಯ ಕಟ್ಟು. ಚೊಯ್ಯೆನ್ನುವ ಸದ್ದೇನೋ ಬರುತ್ತಿತ್ತು.

ಪಕ್ಕದ ಮನೆಯ ದರ್ಜಿ ಬಾಬುಮಿಯಾ ಬಾಗಿಲಲ್ಲಿ ನಿಂತು ಮೂಗು ಏರಿಸಿದ.

“ಏನ್ ಅಕ್ಕಾ, ಹೊಗಿ ಅದ, ಘಮಾನೇ ಇಲ್ಲ. ಒಗ್ಗರಣಿ ಹಾಕ್ಲತ್ತೀರೋ, ಸೊಳ್ಳಿ ಓಡಸ್ಲತ್ತೀರೋ?”

“ಡಾಕ್ಟರ್ ಸಾಹೇಬ್ರು ಎಣ್ಣಿ ಬಿಡ್ರಿ ಅಂದಾರ ಭಾಯಿ. ಗೋರಖನ ರಕ್ತದಾಗ ಕೊಬ್ಬು ಏರ್ಯಾದಂತ.”

ಗೋಡೆಗೊರಗಿ ಕೂತಿದ್ದ ಗೋರಖನಾಥ ನಕ್ಕ. ಮೂವತ್ತು ದಾಟಿದ ಅವಳ ಮಗ. ಅಂಗಿ ತೆಗೆದರೆ ಪಕ್ಕೆಲುಬು ಎಣಿಸುವಂತಿದ್ದ.

“ಇವಗ ಕೊಬ್ಬಾ?” ಬಾಬುಮಿಯಾ ಹಣೆ ಚಚ್ಚಿಕೊಂಡ. “ಯಾ ಅಲ್ಲಾ! ಈ ಬರದಾಗ ಸಂತಪುರದಾಗ ಎಣ್ಣಿ ಕಂಡವ್ರು ಯಾರ್ರಿ? ಊರಿಗೆ ಊರೇ ಪಥ್ಯ ಹಿಡದದ.”

ಮಾತು ಸುಳ್ಳಲ್ಲ. ಮಳೆ ಕೈಕೊಟ್ಟು ಅದು ಎರಡನೆಯ ವರ್ಷ. ದಸರೆ ಮುಗಿದದ್ದೇ ಅರ್ಧ ಊರು ಬೀಗ ಹಾಕಿಕೊಂಡು ಮಹಾರಾಷ್ಟ್ರದ ಕಬ್ಬಿಗೆ ಹೋಗಿತ್ತು. ಉಳಿದವರು ಕೆರೆಯ ಹೂಳೆತ್ತುವ ಸರ್ಕಾರದ ಬರಗಾಲದ ಕಾಮಗಾರಿಗೆ ಹೋಗುತ್ತಿದ್ದರು. ಅಲ್ಲಿಯೇ ಒಂದು ದಿನ ಗೋರಖನಾಥನಿಗೆ ಎದೆ ಹಿಂಡಿದಂತಾಗಿ, ಎಡಗೈ ಜೋಮು ಹಿಡಿದು, ತಾಯಿ ಅವನನ್ನು ಬಸ್ಸಿನಲ್ಲಿ ಬೀದರಿಗೆ ಕರೆದುಕೊಂಡು ಹೋಗಿದ್ದಳು.

ಬೀದರಿನ ಡಾಕ್ಟರು ಮೊದಲು ನೋಡಿದ್ದು ಎದೆಯನ್ನಲ್ಲ, ಕಣ್ಣನ್ನು. ರೆಪ್ಪೆಯ ಒಳ ಅಂಚಿನಲ್ಲಿ ಬೆಣ್ಣೆ ಮೆತ್ತಿದಂತೆ ಹಳದಿ ಚುಕ್ಕೆಗಳಿದ್ದವು. ರಕ್ತ ತೆಗೆಸಿದರು. ಚೀಟಿ ಬಂದ ಮೇಲೆ ತಾಯಿ ಮಗನನ್ನು ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದರು:

“ಇದು ತಿಂದು ಬಂದದ್ದಲ್ಲರಿ, ಹುಟ್ಟಾ ಬಂದದ್ದು. ಇವರ ದೇಹಾನೇ ಕೊಲೆಸ್ಟ್ರಾಲ್ ಹೆಚ್ಚು ಉಳಿಸಿಕೊಳ್ಳತದ. ಪಥ್ಯ ಮಾಡ್ರಿ, ಬ್ಯಾಡ ಅನ್ನಲ್ಲ. ಆದ್ರ ಬರೇ ಪಥ್ಯದಿಂದ ಇಳಿಯಂಗಿಲ್ಲ. ಗುಳಿಗಿ ಜೀವ ಇರೋ ತನಕ ಬಿಡಬ್ಯಾಡ್ರಿ. ತಂದಿ ಹ್ಯಾಂಗ ಹೋದ್ರು?”

“ಹೊಲದಾಗ ಎದಿ ಹಿಡಕೊಂಡು ಕೂತವ್ರು ಏಳಲಿಲ್ಲರಿ,” ಅಂದಳು ಶೇವಂತಾಬಾಯಿ.

“ಇವರ ಬೆನ್ನಿಗೆ ಹುಟ್ಟಿದವ್ರು?”

“ತಂಗಿ ಒಬ್ಬಾಕಿ ಇದ್ದಾಳ್ರಿ. ಮೀರಾ.”

“ಆಕೀ ಕಣ್ಣಾಗೂ ಹಿಂಗ ಹಳದಿ ಅದಾ?”

ಅವಳು ಹೌದೆಂದು ತಲೆಯಾಡಿಸಿದಳು.

“ತಡ ಮಾಡಬ್ಯಾಡ್ರಿ. ಆಕೀದೂ ರಕ್ತ ನೋಡಸ್ರಿ.”

ಆ ಹಳದಿಯನ್ನು ಅವರ ಮನೆತನದಲ್ಲಿ ಬಂಗಾರ ಅನ್ನುತ್ತಿದ್ದರು. ಮೀರಾಬಾಯಿಯನ್ನು ನೋಡಲು ಭಾಲ್ಕಿ ಕಡೆಯ ಸಾಯಗಾಂವದಿಂದ ಬಂದ ಬೀಗರು, “ಹುಡುಗಿ ಕಣ್ಣಾಗ ಬಂಗಾರ ಇಟ್ಕೊಂಡು ಹುಟ್ಯಾಳ” ಎಂದು ಹಿಗ್ಗಿ, ಅಲ್ಲಿಯೇ ಸಕ್ಕರೆ ಹಂಚಿ ಮಾತು ಮುಗಿಸಿದ್ದರು. ಈಗ ಅದು ಬಂಗಾರವಲ್ಲ, ರೋಗ ಅಂತ ಯಾವ ಬಾಯಿಂದ ಹೇಳುವುದು?

ಹೇಳುವುದಾದರೂ ಹೇಗೆ? ಮೀರಾಬಾಯಿ ಗಂಡನ ಜೊತೆ ಕಬ್ಬು ಕಡಿಯಲು ಹೋಗಿದ್ದಳು. ಆ ಕೆಲಸದಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಗಂಡ ಕಡಿದರೆ ಹೆಂಡತಿ ಕಟ್ಟು ಕಟ್ಟಿ ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸಬೇಕು. ಒಬ್ಬರು ಕೂತರೆ ಇನ್ನೊಬ್ಬರಿಗೂ ಕೆಲಸವಿಲ್ಲ. ಕಾಗದಗಳೆಲ್ಲ ಕಡಿಯುವವರ ಗುಂಪಿನ, ಅಂದರೆ ಟೋಳಿಯ, ಮೇಸ್ತ್ರಿಯಾದ ಮುಕಾದಮ ದತ್ತಾತ್ರಿಯ ಹೆಸರಿಗೇ ಬರುತ್ತಿದ್ದವು. ಟೋಳಿಯಲ್ಲಿ ಓದು ಬಲ್ಲವನು ಅವನೊಬ್ಬನೇ. ಸಂಜೆ ಅವರ ಗುಡಿಸಲು ಕೊಪ್ಪೆಗಳ ಮುಂದೆ ಎಲ್ಲರನ್ನೂ ಕೂರಿಸಿ ಒಂದೊಂದಾಗಿ ದೊಡ್ಡ ದನಿಯಲ್ಲಿ ಓದುತ್ತಿದ್ದ. ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರ ಅತ್ತೆ ಜಾರಿ ಬಿದ್ದಳು, ಎಲ್ಲ ಎಲ್ಲರಿಗೂ. ಎದೆ ರೋಗದ ಹೆಣ್ಣು ಎಂದು ಗೊತ್ತಾದರೆ ಮುಕಾದಮ ಆ ಜೋಡಿಯನ್ನು ಇಟ್ಟುಕೊಳ್ಳುತ್ತಾನೆಯೆ? ಅತ್ತೆಯ ಮನೆಯವರು ಇಟ್ಟುಕೊಳ್ಳುತ್ತಾರೆಯೆ?

ಶೇವಂತಾಬಾಯಿ ರಾತ್ರಿಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ಆ ವಾರವೇ ಕಾಗದ ಬರೆದಳು. ‘ಮೀರಾ, ಇದು ನಿನಗೊಬ್ಬಳಿಗೇ ಹೇಳುವ ಮಾತು’ ಎಂದು ಶುರುವಾಗಿತ್ತು. ಬರೆದಾದ ಮೇಲೆ ತನ್ನ ಮರುಳಿಗೆ ತಾನೇ ನಕ್ಕಳು. ಒಬ್ಬಳಿಗೇ ಹೇಳುವುದನ್ನು ಮುಕಾದಮ ಇಡೀ ಟೋಳಿಗೆ ಓದುತ್ತಾನಲ್ಲ! ಕಾಗದವನ್ನು ಮಡಿಸಿ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಳು.

“ಕಾಗದ ಹಾಕ್ದೀ ಏನವ್ವಾ?” ಗೋರಖನಾಥ ಕೇಳುತ್ತಿದ್ದ.

“ಯುಗಾದಿಗೆ ಬರ್ತಾಳಲ್ಲ, ಕಿವ್ಯಾಗ ಹೇಳ್ತೇನಿ.”

“ಯುಗಾದಿ ಇನ್ನಾ ಎಲ್ಲಿ ಅದ?”

“ನೀ ಮೊದಲ ಉಣ್ಣು. ರೊಟ್ಟಿ ತಣ್ಣಗಾಗ್ಲತ್ತಾವ.”

ಸಂಕ್ರಾಂತಿಯ ಹೊತ್ತಿಗೆ ಗೋರಖನಾಥನ ಮುಖಕ್ಕೆ ಕಳೆ ಬಂತು. ಬುಟ್ಟಿ ಹೊತ್ತರೂ ಎದೆ ಹಿಡಿಯುತ್ತಿರಲಿಲ್ಲ. ಬೆಳಿಗ್ಗೆ ನೆನೆಸಿದ ಮೆಂತ್ಯ, ಹಸಿ ಬೆಳ್ಳುಳ್ಳಿ, ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆ ಕಾಣದ ಪಲ್ಯ. ತನ್ನ ಕೈಯ ಅಡಿಗೆ ಮಗನನ್ನು ಎತ್ತಿ ನಿಲ್ಲಿಸಿತೆಂದು ಶೇವಂತಾಬಾಯಿ ಒಳಗೊಳಗೇ ಬೀಗಿದಳು.

ಗುಳಿಗೆ ತೀರಿದ ದಿನ ಅವನು ಖಾಲಿ ಪೊಟ್ಟಣವನ್ನು ಒಲೆಗೆ ಎಸೆದ. “ಬೀದರಿಗೆ ಹೋದ್ರ ದಿನದ ಕೂಲಿ ಹೋಗ್ತದವ್ವಾ. ಮೈಯಾಗ ಎಣ್ಣೀದು ಹನಿ ಇಲ್ಲ, ಗುಳಿಗಿ ಏನ್ ಕರಗಸ್ತದ?”

ಡಾಕ್ಟರು ಹೇಳಿದ್ದು ಅವಳಿಗೆ ನೆನಪಿತ್ತು. ಒಂದಕ್ಷರ ಬಿಡದೆ ನೆನಪಿತ್ತು. ಆದರೂ, “ಮುಂದಿನ ಸಂತಿಗೆ ನೋಡಮು” ಅಂದಳು. ಮಗನ ಮಾತು ನಿಜವಾಗುವುದು ಅವಳಿಗೆ ಬೇಕಾಗಿತ್ತು. ಪಥ್ಯದಿಂದಲೇ ಅವನು ಗುಣವಾದರೆ ಮೀರಾಳಿಗೂ ಭಯವಿಲ್ಲ. ಕಬ್ಬಿನ ಕೊಪ್ಪೆಯಲ್ಲಿ ಅವಳೂ ಒಣರೊಟ್ಟಿಯನ್ನೇ ತಾನೆ ತಿನ್ನುವುದು? ಹಾಗಾದರೆ ಆ ಕಾಗದ ಡಬ್ಬಿಯ ಕೆಳಗೇ ಇರಬಹುದು.

ಮುಂದಿನ ಸಂತೆ ಬಂತು, ಹೋಯಿತು. ಅದರ ಮುಂದಿನದೂ ಹೋಯಿತು.

ಶಿವರಾತ್ರಿ ಕಳೆದ ಮೇಲೆ, ಬಿಸಿಲು ಏರಿದ ಹೊತ್ತಿನಲ್ಲಿ, ಕೆರೆಯಿಂದ ನಾಲ್ವರು ಅವನನ್ನು ಹೊರಸಿನ ಮೇಲೆ ಹೊತ್ತು ತಂದರು. ಬುಟ್ಟಿ ತಲೆಗೇರಿಸಿಕೊಂಡವನು ಹಾಗೆಯೇ ಕುಸಿದನಂತೆ. ಅಂಗೈಯಲ್ಲಿ ಹೂಳು ಇನ್ನೂ ಹಸಿಯಾಗಿತ್ತು. ಶೇವಂತಾಬಾಯಿ ಸೆರಗನ್ನು ನೀರಲ್ಲಿ ಅದ್ದಿ ಬೆರಳು ಬೆರಳಿನ ಸಂದು ಒರೆಸಿದಳು. ಅಳು ಬರಲಿಲ್ಲ.

ಬಾಬುಮಿಯಾ ಔರಾದಿಗೆ ಓಡಿ ಸಕ್ಕರೆ ಕಾರ್ಖಾನೆಗೆ ಫೋನು ಹಚ್ಚಿದ. ಟೋಳಿ ಬೇರೆ ಊರಿನ ಹೊಲಕ್ಕೆ ಹೋಗಿದೆ, ಎಲ್ಲಿ ಅಂತ ಹುಡುಕುವುದು ಎಂದು ಅಲ್ಲಿನವರು ಫೋನು ಇಟ್ಟುಬಿಟ್ಟರು. ಕಾಗದವಾದರೆ ಕಾರ್ಖಾನೆಯ ಗೇಟಿನಲ್ಲಿ ಇಟ್ಟಿರುತ್ತಾರೆ, ಕಬ್ಬಿನ ಗಾಡಿಯವರು ಒಯ್ದು ಕೊಡುತ್ತಾರೆ. ತಂಗಿ ಬರಲಿಲ್ಲ. ಅವರ ಕೇರಿಯ ವಾಡಿಕೆಯಂತೆ ಬುದ್ಧವಂದನೆ ಹೇಳಿ ಮಣ್ಣು ಮಾಡಿದರು.

ಮರುದಿನ ಬಾಬುಮಿಯಾ ರೊಟ್ಟಿ ಕಟ್ಟಿಕೊಂಡು ಬಂದಾಗ ಅವಳು ಹಳೆಯ ಕಾಗದ ಬಿಚ್ಚಿಕೊಂಡು ಕೂತಿದ್ದಳು. ಮೊದಲ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದ್ದಳು. ಅದರ ಮೇಲೆ ಬರೆದದ್ದನ್ನು ಅವನಿಗೆ ಓದಿ ಹೇಳಿದಳು:

‘ದತ್ತಾತ್ರಿ ಮುಕಾದಮರಿಗೆ ಶರಣು. ಇದನ್ನು ಎಲ್ಲರ ಮುಂದೆ ದೊಡ್ಡ ದನಿಯಲ್ಲಿ ಓದಬೇಕು. ಮೀರಾಳ ಅಣ್ಣ ಗೋರಖನಾಥ ತೀರಿದ. ಪಥ್ಯ ಸಾಕು ಅಂತ ಗುಳಿಗೆ ಬಿಟ್ಟಿದ್ದ, ನಾನೂ ಹೂಂ ಅಂದಿದ್ದೆ. ಅದೇ ರಕ್ತ ಮೀರಾಳದ್ದು. ಆಕೆಯನ್ನು ಇಂದೇ ದೊಡ್ಡ ದವಾಖಾನೆಗೆ ಕರೆದೊಯ್ದು ರಕ್ತ ನೋಡಿಸಿರಿ. ಗುಳಿಗೆ ಕೊಟ್ಟರೆ ಬಿಡಿಸಬೇಡಿರಿ. ಈಗ ಎಲ್ಲರೂ ಕೇಳಿದ್ದೀರಿ. ಗೊತ್ತಿರಲಿಲ್ಲ ಅಂತ ಯಾರೂ ಅನ್ನುವಂತಿಲ್ಲ.’

ಬಾಬುಮಿಯಾ ರೊಟ್ಟಿಯ ಗಂಟನ್ನು ಒಲೆಯ ಪಕ್ಕ ಇಟ್ಟ. ಆಮೇಲೆ, “ಅಕ್ಕಾ, ಇದು ಓದಿದ್ರ ಹುಡುಗೀನ ಮನಿಗೆ ಅಟ್ಟತಾರ,” ಅಂದ.

“ಅಟ್ಟಲಿ ಭಾಯಿ. ಜೀವಂತ ಬರ್ತಾಳ.”

ಅಂಚೆ ಕಚೇರಿಗೆ ಒಬ್ಬಳೇ ನಡೆದಳು. ಅಂಚೆ ಡಬ್ಬಿಯಲ್ಲಿ ಹಾಕೆಂದರೆ ಒಪ್ಪದೆ ಮಾಸ್ತರನ ಕೈಗೇ ಕೊಟ್ಟು, ಠಸ್ಸೆ ಬೀಳುವುದನ್ನು ನೋಡಿದಳು. ಚೀಲದ ಬಾಯಿ ಕಟ್ಟಿ ಅದನ್ನು ಬೀದರ ಬಸ್ಸಿಗೆ ಏರಿಸುವವರೆಗೂ ಬಿಸಿಲಲ್ಲಿ ನಿಂತೇ ಇದ್ದಳು. ಬಸ್ಸು ಧೂಳೆಬ್ಬಿಸಿಕೊಂಡು ತಿರುವು ದಾಟಿತು.