ಏಳನೆಯ ಗರಿ

ದುಸೂಕಿಗೆ ತಾರೀಖು ಗೊತ್ತಿರಲಿಲ್ಲ. ಹಾಗೆಂದರೆ ಅನ್ಯಾಯವಾದೀತು, ಅಲೆಕ್ಸಾಂಡ್ರಿಯಾದ ಕರ್ಮೂಜ್ ದಾರಿಯ ಹಳದಿ ಟ್ರ್ಯಾಮನ್ನು ಮೂವತ್ತೊಂದು ವರ್ಷ ನಿಮಿಷ ತಪ್ಪದೆ ಓಡಿಸಿದವನು ಅವನು. ಆದರೆ ಟ್ರ್ಯಾಮಿನಿಂದ ಇಳಿದು, ಐದು ಮಹಡಿ ಹತ್ತಿ, ಛಾವಣಿಯ ಮರದ ಗೂಡಿನೆದುರು ನಿಂತನೆಂದರೆ ಅವನ ಪಂಚಾಂಗವೇ ಬೇರೆಯಾಗುತ್ತಿತ್ತು. ಮರಿಪಾರಿವಾಳದ ಒಂದೊಂದು ರೆಕ್ಕೆಗೂ ಹತ್ತು ಹಾರುಗರಿ; ಬೇಸಿಗೆಯಿಂದ ಚಳಿಗಾಲದವರೆಗೆ ಒಳಗಿನಿಂದ ಹೊರಕ್ಕೆ ಒಂದರ ಹಿಂದೊಂದು ಉದುರಿ, ಒಂದರ ಹಿಂದೊಂದು ಮರಳಿ ಮೂಡುವ ಆ ಗರಿಗಳೇ ಅವನ ವಾರ, ಅವನ ಮಾಸ, ಅವನ ಹಬ್ಬಹರಿದಿನ. ಕಾಳಿನ ವ್ಯಾಪಾರಿಯಾದ ನಾನು ಹೊಸ ಜೋಳ ಯಾವಾಗ ಕಳಿಸಲಿ ಎಂದು ಕೇಳಿದರೆ, "ನಾಲ್ಕು ಬಿದ್ದ ಮೇಲೆ ಕಳ್ಸು ಮುಅಲ್ಲಿಮ್, ಆಗ ಹೊಟ್ಟೆಬಾಕ ಆಗ್ತವೆ, ಅಲ್ವಾ?" ಎನ್ನುವನು. ಮುಅಲ್ಲಿಮ್ ಎಂದರೆ ನಮ್ಮ ಕಡೆ ಯಜಮಾನ; 'ಅಲ್ವಾ' ಎಂಬುದು ಅವನ ಪ್ರತಿಯೊಂದು ಮಾತಿನ ಬಾಲ. ಉತ್ತರಕ್ಕೆ ಮಾತ್ರ ಅವನು ಎಂದೂ ಕಾದವನಲ್ಲ.

ನಡೆಯುವಾಗ ಅವನ ಕತ್ತು ಸದಾ ಎಡಕ್ಕೆ ಓರೆಯಾಗಿ ಆಕಾಶಕ್ಕೆ ನೆಟ್ಟಿರುತ್ತಿತ್ತು. ಹೀಗಾಗಿ ನಮ್ಮ ಬೀದಿಯ ನೆಲದ ಮೇಲೆ ತುಳಿಯಬಾರದ್ದು ಏನೇನಿದೆಯೋ ಅದನ್ನೆಲ್ಲ ಅವನು ಶ್ರದ್ಧೆಯಿಂದ ತುಳಿದಿದ್ದಾನೆ. ನಿವೃತ್ತನಾಗಿ ಎಷ್ಟೋ ವರ್ಷವಾದರೂ ಇಲಾಖೆಯ ಖಾಕಿ ಕೋಟನ್ನು ಬಿಟ್ಟಿರಲಿಲ್ಲ. ಅದರ ಹಿತ್ತಾಳೆ ಗುಂಡಿಗಳಲ್ಲಿ ಉಳಿದದ್ದು ಎರಡೇ. ಮೂರನೆಯದರ ಜಾಗದಲ್ಲಿ ಹೆಂಡತಿಯ ಜಾಕೀಟಿನದೊಂದು ಮುತ್ತಿನ ಗುಂಡಿ ನಾಚಿಕೊಂಡು ಕೂತಿತ್ತು. ಒಳಜೇಬಿನಲ್ಲಿ ಹೊಗೆಸೊಪ್ಪಿನ ಡಬ್ಬಿ, ಡಬ್ಬಿಯೊಳಗೆ ಆ ವರ್ಷ ಉದುರಿದ ಗರಿಗಳು. ಮಗಳ ಮದುವೆ ಎಂದಾಯಿತೆಂದು ಕೇಳಿದವರಿಗೆ ಅವನು "ಐದನೇ ಗರೀಲಿ" ಎಂದು ಗಂಭೀರವಾಗಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಈ ಪಂಚಾಂಗ ಅವನಿಂದ ಒಮ್ಮೆ ದೊಡ್ಡ ಬೆಲೆಯನ್ನೇ ಕಿತ್ತುಕೊಂಡಿತ್ತು. ತಾರುಣ್ಯದಲ್ಲಿ ಸೈನ್ಯದ ಕಡ್ಡಾಯ ಸೇವೆಗೆಂದು ಮತ್ರೂಹ್ ಪಟ್ಟಣದಲ್ಲಿದ್ದಾಗ, ರೈಲು ನಿಲ್ದಾಣದ ಗುಮಾಸ್ತನ ಮಗಳು ಇನ್‌ಶಿರಾಹ್ ಎಂಬವಳ ಮೇಲೆ ಅವನ ಮನಸ್ಸು ನಿಂತಿತು. ಅವಳ ಮನೆಯ ಛಾವಣಿಯ ಮೇಲೂ ಪಾರಿವಾಳಗಳಿದ್ದವು. ಯಾವುದರ ಮೇಲೆ ಮೊದಲು ಮನಸ್ಸಾಯಿತೆಂದು ನಾನು ಕೇಳಲು ಹೋಗಲಿಲ್ಲ. ಸೇವೆ ಮುಗಿಸಿ ಊರಿಗೆ ಹೊರಟಾಗ ಅವಳ ತಂದೆ, "ಹೆಣ್ಣು ಕೇಳೋಕೆ ನಿಮ್ಮೋರು ಯಾವಾಗ ಬರ್ತಾರಪ್ಪಾ?" ಎಂದರು. "ಏಳಕ್ಕೆ ಬರ್ತೀವಿ," ಎಂದ ಇವನು. ಅವರು ತಿಂಗಳ ಏಳನೆಯ ತಾರೀಖಿಗೆ ಬಾತುಕೋಳಿ ಕೊಯ್ದು, ನೆಂಟರನ್ನು ಕರೆದು ಕಾದರು. ಇವನು ತನ್ನ ಗೂಡಿನ ಮರಿಗೆ ಏಳನೆಯ ಗರಿ ಉದುರಿದ ಮೇಲೆ, ಅಂದರೆ ಐದು ವಾರ ತಡವಾಗಿ, ತಾಯಿಯನ್ನೂ ಮಿಠಾಯಿಯನ್ನೂ ಹೊತ್ತುಕೊಂಡು ಹೋದ. ಅಷ್ಟರಲ್ಲಿ ಅಪಮಾನಗೊಂಡ ತಂದೆ ಮಗಳನ್ನು ಸಲ್ಲೂಮ್ ಊರಿನ ಸೋದರಸಂಬಂಧಿಗೆ ಕೊಡುವುದಾಗಿ ಮಾತು ಕೊಟ್ಟಾಗಿತ್ತು. ಹೊಸ್ತಿಲಲ್ಲಿ ಇನ್‌ಶಿರಾಹಳೇ ಬಂದು, ಇನ್ನೂ ಹಾರಲು ಕಲಿಯದ ಎರಡು ಮರಿಗಳಿದ್ದ ಬುಟ್ಟಿಯನ್ನು ಅವನ ಕೈಗಿಟ್ಟಳಂತೆ. "ತಗೊಂಡ್ಹೋಗಿ. ಇವಾದ್ರೂ ದಿನ ತಪ್ಪಲ್ಲ."

ಆ ಎರಡು ಮರಿಗಳ ವಂಶವನ್ನು ಅವನು ನಲವತ್ತು ವರ್ಷ ಮುರಿಯಲು ಬಿಡಲಿಲ್ಲ. ಅದರಲ್ಲಿ ಹುಟ್ಟಿದ್ದಕ್ಕೆಲ್ಲ ಒಂದೇ ಹೆಸರು, ಮತ್ರೂಹಿ. ಹೋದ ವರ್ಷ ನಮ್ಮೆಲ್ಲರ ಮೂದಲಿಕೆಗೆ ಸೋತು, ಏಳನೆಯ ಗರಿ ಉದುರಿದ್ದ ಒಂದು ಗಂಡನ್ನು ಪಂದ್ಯಕ್ಕೆ ಬಿಟ್ಟ, ಅದು ಮರಳಲಿಲ್ಲ. ನಲವತ್ತು ದಿನ ಛಾವಣಿಯ ಮೇಲೆ ನೀರಿಟ್ಟ. ಚಳಿಗಾಲದಲ್ಲಿ ಮುಂಗುಸಿಯಂಥದೊಂದು ಕಳ್ಳಪ್ರಾಣಿ ಗೂಡಿಗೆ ನುಗ್ಗಿತು. ಆಮೇಲೆ ಉಳಿದದ್ದು ಒಂದು ಮುದಿ ಜೋಡಿ. ಅದು ಕೊನೆಯದಾಗಿ ಒಂದು ಹೆಣ್ಣುಮರಿಯನ್ನು ಬೆಳೆಸಿಕೊಟ್ಟು ಸತ್ತಿತು.

ಆ ಹೆಣ್ಣಿಗೆ ಏಳನೆಯ ಗರಿ ಬಿದ್ದ ವಾರವೇ ಮತ್ರೂಹಿನಿಂದ ಊರಿಗೆ ಹಾರಿಬರುವ ಮರಿಗಳ ಪಂದ್ಯ. ಕಾಲುಂಗುರದಲ್ಲಿ ಆ ವರ್ಷದ ಅಂಕಿ ಇರುವ ಮರಿಗೆ ಮಾತ್ರ ಅದರಲ್ಲಿ ಪ್ರವೇಶ. ಈ ಸಲ ತಪ್ಪಿದರೆ ಅವಳ ಪಾಲಿಗೆ ಆ ಪಂದ್ಯ ಜನ್ಮಕ್ಕೇ ಇಲ್ಲ. ಮತ್ರೂಹಿನ ಆಕಾಶದಿಂದ ಮತ್ರೂಹಿಯೊಂದು ಎಲ್ಲರಿಗಿಂತ ಮೊದಲು ಮನೆಗೆ ಬರಬೇಕೆಂಬುದು ನಲವತ್ತು ವರ್ಷಗಳಿಂದ ಅವನು ಬಾಯಿಬಿಟ್ಟು ಹೇಳದ, ನಮಗೆಲ್ಲ ಗೊತ್ತಿದ್ದ ಆಸೆ. ಕಳಿಸಿದರೆ ಅವಳು ಹೋಗಬಹುದು. ಕಳಿಸದಿದ್ದರೆ ಆಸೆ ಹೋಗುವುದು ಖಂಡಿತ.

ಗುರುವಾರ ಸಂಜೆ ನನ್ನ ಅಂಗಡಿಯ ಪಕ್ಕದ ಪಾರಿವಾಳ ಸಂಘದಲ್ಲಿ ಪಂದ್ಯದ ಹಕ್ಕಿಗಳನ್ನು ಬುಟ್ಟಿಗೆ ತುಂಬುತ್ತಿದ್ದರು. ಸಂಘದ ಅಧ್ಯಕ್ಷ ಹಾಜಿ ಶಲಬಿ ಮೀನಿನ ವ್ಯಾಪಾರಿ. ವಸಂತದಿಂದ ಗೂಡಿಗೆ ಕಪ್ಪು ಪರದೆ ಕಟ್ಟಿ, ಹಗಲನ್ನು ಗಿಡ್ಡ ಮಾಡಿ, ಗರಿ ಉದುರುವುದನ್ನೇ ಮುಂದೂಡಿದ ಚತುರ.

"ಏನಪ್ಪಾ ಟ್ರ್ಯಾಮ್ ಉಸ್ತಾ, ನಿನ್ನ ರಾಣಿ ರೆಕ್ಕೆ ಹೊಲ್ಯೋಕೆ ದರ್ಜಿಗೆ ಕೊಟ್ಟಿದ್ದೀಯಂತೆ?" ಎಂದ ಶಲಬಿ. "ನನ್ನವು ನೋಡು, ಹತ್ತಕ್ಕೆ ಹತ್ತು."

"ನಿನ್ನವು ಕತ್ತಲಲ್ಲಿ ಕೂತು ಇನ್ನೂ ಏಪ್ರಿಲ್ ಅಂದ್ಕೊಂಡಿವೆ ಹಾಜಿ. ಪಾಪ, ಮೋಸಹೋದೋರ ಜೊತೆ ಏನ್ ಪಂದ್ಯ, ಅಲ್ವಾ?"

ಎಲ್ಲರೂ ನಕ್ಕರು. ದುಸೂಕಿ ಮಾತ್ರ ಹಕ್ಕಿಯನ್ನು ನನ್ನ ಕೈಗಿತ್ತ. ರೆಕ್ಕೆ ಬಿಡಿಸಿದೆ. ಆರನೆಯದಕ್ಕೂ ಎಂಟನೆಯದಕ್ಕೂ ನಡುವೆ, ಉದುರಿದ ಹಲ್ಲಿನಂಥ ಕಿಂಡಿ; ಅದರಲ್ಲಿ ನೀಲಿಗಪ್ಪು ಮೊಳಕೆಯಂತೆ ಹೊಸ ಗರಿಯ ತುದಿ.

"ಗಾಳಿ ಬೆನ್ನಿಗಿದೆ, ಕಳ್ಸು," ಎಂದೆ. "ಇಲ್ಲಾಂದ್ರೆ ಮತ್ತೆ ನಲವತ್ತು ವರ್ಷ ಕಾಯ್ತೀಯಾ?" ಗೆದ್ದ ಗೂಡಿನವರು ಯಾರ ಅಂಗಡಿಯ ಕಾಳು ತಿನ್ನಿಸಿದರೆಂದು ಊರೆಲ್ಲ ಕೇಳುತ್ತದೆ, ನನ್ನ ಸಲಹೆ ಪೂರ್ತಿ ನಿಷ್ಕಾಮವೇನೂ ಆಗಿರಲಿಲ್ಲ.

ಅವನು ಹಕ್ಕಿಯನ್ನು ವಾಪಸು ತೆಗೆದುಕೊಂಡು ಬುಟ್ಟಿಯ ಬಾಗಿಲವರೆಗೂ ಒಯ್ದ. ಹಕ್ಕಿಯ ತಲೆ ಒಳಗೆ ಹೋಯಿತು. ಅಲ್ಲಿಯೇ ನಿಂತ ಅವನ ಕೈ ಎಷ್ಟೋ ಹೊತ್ತು ಮುಂದೂ ಹೋಗಲಿಲ್ಲ, ಹಿಂದೂ ಬರಲಿಲ್ಲ. ಆಮೇಲೆ ಹಕ್ಕಿಯನ್ನು ಕೋಟಿನೊಳಗೆ ಸೇರಿಸಿ ಮುತ್ತಿನ ಗುಂಡಿ ಹಾಕಿಕೊಂಡ.

"ಹತ್ತೂ ಬರಲಿ," ಎಂದು ಹೊರಟುಹೋದ.

ಆ ಶುಕ್ರವಾರ ಶಲಬಿ ಗೆದ್ದ. ಮೂರು ದಿನ ಬೀದಿಯಲ್ಲಿ ಅವನದೇ ಮಾತು.

ನವೆಂಬರ್ ಬಂತು. ನಾವು 'ಪೊರಕೆ' ಎಂದು ಕರೆಯುವ ಬಿರುಮಳೆ ಸಮುದ್ರದಿಂದೆದ್ದು ಊರನ್ನು ಗುಡಿಸಿಹೋಯಿತು. ಎರಡು ಬಿರುಮಳೆಗಳ ನಡುವಿನ ನಿರ್ಮಲವಾದೊಂದು ಬೆಳಿಗ್ಗೆ ದುಸೂಕಿ ಕ್ಷೌರ ಮಾಡಿಸಿಕೊಂಡು, ಕೋಟಿಗೆ ಇಸ್ತ್ರಿ ಹಾಕಿಸಿ, ಕೈಯಲ್ಲೊಂದು ಪುಟ್ಟ ಬುಟ್ಟಿ ಹಿಡಿದು ಅಂಗಡಿಯ ಮುಂದೆ ನಿಂತ. "ಹತ್ತೂ ಬಂತು. ನಾಳೆ ಹತ್ತು ಗಂಟೆಗೆ ನನ್ನ ಛಾವಣಿ ಹತ್ತಿ ಪಡುವಣ ನೋಡ್ತಿರು," ಎಂದು ಮತ್ರೂಹಿನ ಬಸ್ಸು ಹತ್ತಿದ. ಪಂದ್ಯವಿಲ್ಲ, ಬಹುಮಾನವಿಲ್ಲ, ಎದುರಾಳಿಯೂ ಇಲ್ಲ. ಈ ವಯಸ್ಸಿನಲ್ಲಿ ನನ್ನನ್ನು ಐದು ಮಹಡಿ ಹತ್ತಿಸಿದವನನ್ನು ಮನಸಾರೆ ಬೈದುಕೊಂಡೇ ಹತ್ತಿದೆ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಪಡುವಣದ ಬೆಳಕಿನಲ್ಲೊಂದು ಚುಕ್ಕೆ ಮೂಡಿ, ಬೆಳೆದು, ಸುತ್ತು ಕೂಡ ಹಾಕದೆ ನೇರವಾಗಿ ಗೂಡಿನ ಹಲಗೆಗೆ ಇಳಿಯಿತು. ನನ್ನ ಕಣ್ಣಿಗೆ ಧೂಳು ಬಿದ್ದಿತ್ತೆಂದು ಕಾಣುತ್ತದೆ. ವೇಳೆಯನ್ನು ಸೀಮೆಸುಣ್ಣದಲ್ಲಿ ಗೂಡಿನ ಬಾಗಿಲ ಮೇಲೆ ವಕ್ರವಾಗಿ ಬರೆದೆ.

ದುಸೂಕಿ ಬಂದದ್ದು ಮೂರನೆಯ ದಿನ.

"ಗುಮಾಸ್ತರ ಮನೆ ಇನ್ನೂ ಇತ್ತಾ?" ಎಂದೆ.

"ಇತ್ತು. ಛಾವಣಿ ಮೇಲೆ ಯಾರೋ ಬೇರೆಯವರ ಬಟ್ಟೆ ಒಣಗ್ತಿತ್ತು. ಎದುರು ಬೀದೀಲಿ ನಿಂತು ಹಕ್ಕೀನ ಬಿಟ್ಟೆ." ಕೋಟಿನ ಮುತ್ತಿನ ಗುಂಡಿಯನ್ನು ತಿರುವುತ್ತ ಕೇಳಿದ: "ಅವಳು ದಿನ ತಪ್ಪಲಿಲ್ಲ, ಅಲ್ವಾ?"

ಅಂದು ಮೊದಲ ಬಾರಿಗೆ ಅವನು ಉತ್ತರಕ್ಕೆ ಕಾದ.

"ಇಲ್ಲ," ಎಂದೆ. "ತಪ್ಪಲಿಲ್ಲ."

ನಾವು ತಾರೀಖಿನ ಜನ. ಪಂದ್ಯಕ್ಕೆ, ಪೇಟೆಗೆ, ಮದುವೆಗೆ ಹೊತ್ತಿಗೆ ಸರಿಯಾಗಿ ಹೋಗಿ, ಸಿಕ್ಕಿದ್ದನ್ನು ಗಂಟು ಕಟ್ಟಿಕೊಂಡು ಬರುವವರು. ದುಸೂಕಿಯಂಥವರು ಎಲ್ಲಿಗೂ ಹೊತ್ತಿಗೆ ತಲುಪುವುದಿಲ್ಲ. ಅವರು ಹೋಗುವ ಹೊತ್ತಿಗೆ ಮನೆಯಲ್ಲಿ ಬೇರೆಯವರಿರುತ್ತಾರೆ. ಆದರೆ ತಮಗೆ ಪ್ರಿಯವಾದದ್ದನ್ನು ಅವರು ಅರ್ಧ ರೆಕ್ಕೆಯಲ್ಲಿ ಎರಡನೆಯ ಸಲ ಆಕಾಶಕ್ಕೆ ಬಿಡುವುದಿಲ್ಲ, ಮತ್ತು ಯಾರೂ ಕಾಯದ ಬೀದಿಯಲ್ಲೂ ಕೊಟ್ಟ ಮಾತಿಗೆ ಹೋಗಿ ನಿಂತು ಬರುತ್ತಾರೆ. ಸೀಮೆಸುಣ್ಣದ ಆ ವಕ್ರ ಬರಹವನ್ನು ಅವನು ಇನ್ನೂ ಒರೆಸಿಲ್ಲ. ಜೋಳ ಯಾವಾಗ ಕಳಿಸಲಿ ಎಂದು ಕೇಳುವಾಗ ನಾನು ಈಗೀಗ ತಾರೀಖು ಹೇಳುವುದಿಲ್ಲ. ಎಷ್ಟು ಬಿದ್ದಿವೆ ಎಂದು ಕೇಳುತ್ತೇನೆ.