ಅಕ್ಕ ಹೇಳದ ವಾಕ್ಯ

ಅಕ್ಕ ಕಾದಂಬರಿ ಹೇಳುತ್ತಾಳೆ, ನಾನು ಬರೆಯುತ್ತೇನೆ. ಅವಳ ಎರಡೂ ಕಣ್ಣು ಹೋಗಿ ಆರು ವರ್ಷವಾಯಿತು. ಆಮೇಲೆ ಬಂದ ಮೂರು ಪುಸ್ತಕಗಳೂ ನನ್ನ ಕೈಬರಹದಲ್ಲೇ ಅಚ್ಚಿಗೆ ಹೋದವು. ಬೆಳಿಗ್ಗೆ ಹತ್ತಕ್ಕೆ ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರೆ ನಾನು ಎದುರು ಮೇಜಿನಲ್ಲಿ ಕೂರುತ್ತೇನೆ. ಅವಳು ಕುರ್ಚಿಯ ಕೈಯನ್ನು ಬೆರಳಿನಿಂದ ಒಮ್ಮೆ ತಟ್ಟಿದರೆ ವಾಕ್ಯ ಮುಗಿಯಿತು, ಎರಡು ಸಲ ತಟ್ಟಿದರೆ ಹೊಸ ಪ್ಯಾರಾ. ನಡುವೆ ನಾನು ಬಾಯಿ ಬಿಡುವ ಹಾಗಿಲ್ಲ. ಸಂಜೆ ಅಷ್ಟನ್ನೂ ಓದಿ ಒಪ್ಪಿಸಬೇಕು. ಒಂದು ‘ಆದರೆ’ ಹೆಚ್ಚುಕಡಿಮೆಯಾದರೂ ಅವಳಿಗೆ ಗೊತ್ತಾಗಿಬಿಡುತ್ತದೆ.

ನನಗೆ ಇದೇನೂ ಕಷ್ಟವಲ್ಲ. ದಾಖಲೆ ಕಚೇರಿಯಲ್ಲಿ ಮೂವತ್ತು ವರ್ಷ ನಕಲು ಮಾಡಿದ ಕೈ ಇದು. ಮೂಲದಲ್ಲಿ ತಪ್ಪಿದ್ದರೆ ನಕಲಿನಲ್ಲೂ ಆ ತಪ್ಪು ಹಾಗೇ ಇರಬೇಕು, ಅಲ್ಲಿಯ ಕಟ್ಟುನಿಟ್ಟು ಹಾಗೆ. ಜಾಣತನ ತೋರಿಸಿ ತಿದ್ದಿದವರನ್ನು ಕಡತದ ಧೂಳು ಒರೆಸಲು ಹಾಕುತ್ತಿದ್ದರು. ಒಂದಕ್ಷರ ಆಚೀಚೆ ಮಾಡದವಳು ಎಂಬ ಹೆಸರು ನನಗಿತ್ತು. ಅರವತ್ತೆರಡು ದಾಟಿದ ನನ್ನನ್ನು ಅಕ್ಕ ಈಗಲೂ ಪುಟ್ಟಿ ಎನ್ನುತ್ತಾಳೆ. ಹೋಗಲಿ, ಹಾಗೆ ಕರೆಯುವವರು ಅವಳೊಬ್ಬಳೇ ಉಳಿದಿರುವುದು.

ಈ ಸಲದ ಕಾದಂಬರಿ ಇಬ್ಬರು ಅಕ್ಕತಂಗಿಯರದು.

"ನಮ್ಮನೆ ಕಥೇನ ಊರಿಗೆಲ್ಲ ಹಂಚ್ತಿದ್ದೀಯಲ್ಲೇ" ಎಂದು ಶುರುವಿನಲ್ಲೇ ರೇಗಿಸಿದ್ದೆ.

"ಕಂಡೋರ ಮನೇದು ಬರೆದ್ರೆ ಊರೆಲ್ಲ ಬೈಯುತ್ತೆ. ನಮ್ಮದಾದ್ರೆ ನೀನೊಬ್ಬಳೇ ತಾನೇ?" ಎಂದಿದ್ದಳು ಅಕ್ಕ.

ಹದಿನಾರು ಅಧ್ಯಾಯಗಳನ್ನು ನಗುನಗುತ್ತಲೇ ಬರೆದೆ. ಹದಿನೇಳರಲ್ಲಿ ಅಪ್ಪ ಸಾಯುತ್ತಾರೆ. ದೊಡ್ಡ ಮಗಳು ಬೇರೆ ಊರಿನಲ್ಲಿ ಕೂತು ಪುಸ್ತಕ ಮುಗಿಸುತ್ತಿರುತ್ತಾಳೆ. ತಂಗಿ ಫೋನ್ ಮಾಡಿ ಅಪ್ಪನಿಗೆ ಜ್ವರ ಎನ್ನುತ್ತಾಳೆ. ಅಲ್ಲಿಂದ ಮುಂದಕ್ಕೆ ಅಕ್ಕ ಬರೆಸಿದ್ದು ಹೀಗೆ: ‘ಇದು ಬರಿಯ ಜ್ವರವಲ್ಲ ಎಂದು ತಂಗಿಯ ದನಿಯಲ್ಲೇ ಅವಳಿಗೆ ತಿಳಿಯಿತು. ತಿಳಿದೂ ಅವಳು ಬರೆಯುವ ಮೇಜಿಗೆ ಮರಳಿದಳು. ಅಪ್ಪನಿಗೆ ಕೊನೆಯ ಮುಖ ತೋರಿಸದವಳು ಎಂಬ ಮಾತನ್ನು ಅವಳು ಸಾಯುವ ತನಕ ಹೊರಬೇಕು.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಪೆನ್ನು ನಿಂತೇಹೋಯಿತು.

"ಬರ್ಕೊಂಡ್ಯಾ?" ಎಂದಳು.

"ಹ್ಞೂಂ" ಎಂದೆ. ಬರೆದೆ ಕೂಡ.

ಅಂದಿನ ಫೋನಿನಲ್ಲಿ ನನ್ನ ದನಿಯಿಂದ ಅವಳಿಗೆ ಏನೂ ತಿಳಿದಿರಲು ಸಾಧ್ಯವಿಲ್ಲ. ಏನೂ ತಿಳಿಯದ ಹಾಗೆ ಮಾತಾಡಿದವಳು ನಾನೇ. ನಮ್ಮಪ್ಪನನ್ನು ನೋಡಿದ ಡಾಕ್ಟರು ಅಂದು ಬೆಳಿಗ್ಗೆ, "ಹೆಚ್ಚೆಂದ್ರೆ ನಾಲ್ಕು ದಿನ. ಕರೆಸಬೇಕಾದವರನ್ನ ಕರೆಸಿಬಿಡಿ" ಎಂದಿದ್ದರು. ನಾನು ಅಕ್ಕನಿಗೆ ಫೋನ್ ಮಾಡಿ, "ಸ್ವಲ್ಪ ಜ್ವರ ಅಷ್ಟೇ, ಮಾತ್ರೆ ಕೊಟ್ಟಿದ್ದೀನಿ. ನೀನು ಬರೆಯೋದು ಮುಗಿಸ್ಕೊಂಡು ನಿಧಾನಕ್ಕೆ ಬಾ" ಎಂದೆ. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ. ನಾಲ್ಕು ವರ್ಷ ಅಪ್ಪನ ಮೈ ಒರೆಸಿ, ಗಡ್ಡ ತೆಗೆದು, ಬಾಯಿಗೆ ತುತ್ತಿಟ್ಟವಳು ನಾನು. ಅವರ ಬಾಯಲ್ಲಿ ಮಾತ್ರ ಬೆಳಗಾದರೆ ದೊಡ್ಡೋಳು, ದೊಡ್ಡೋಳ ಪುಸ್ತಕ, ಪೇಪರಿನಲ್ಲಿ ಬಂದ ದೊಡ್ಡೋಳ ಫೋಟೋ. ಹಿತ್ತಲ ಗಿಡ ಮದ್ದಲ್ಲ ನೋಡಿ. ಕೊನೆಯ ನಾಲ್ಕು ದಿನವಾದರೂ ಅಪ್ಪ ನನಗೊಬ್ಬಳಿಗೇ ಇರಲಿ ಎನಿಸಿತು. ಎಲ್ಲ ಮುಗಿದ ಮೇಲೆ ಓಡಿಬಂದ ಅಕ್ಕನಿಗೆ, "ನಿದ್ದೆಯಲ್ಲೇ ಹೋದ್ರು, ಯಾರನ್ನೂ ಕೇಳ್ಲಿಲ್ಲ" ಎಂದುಬಿಟ್ಟೆ. ಇದಾಗಿ ಹನ್ನೊಂದು ವರ್ಷ.

ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅದೇ ಲೆಕ್ಕ. ಹೇಳಿದರೆ ನನಗೆ ಅಕ್ಕ ಇಲ್ಲ, ಅಕ್ಕನನ್ನು ಬಿಟ್ಟರೆ ಯಾರೂ ಇಲ್ಲ. ಹೇಳದಿದ್ದರೆ ನನ್ನ ತಪ್ಪನ್ನು ಅವಳು ತನ್ನದೆಂದು ಅಚ್ಚು ಹಾಕಿಸುತ್ತಾಳೆ, ಅದೂ ನನ್ನ ಕೈಬರಹದಿಂದಲೇ. ಅತ್ತ ದರಿ, ಇತ್ತ ಪುಲಿ. ಅಕ್ಕ ಮಲಗಿದ್ದಾಗ ಹಾಳೆ ತೆಗೆದು, ಜನ್ಮದಲ್ಲಿ ಮೊದಲ ಸಲ, ಮೂಲದಲ್ಲಿಲ್ಲದ ಒಂದು ವಾಕ್ಯ ಸೇರಿಸಿದೆ.

ಸಂಜೆ ಓದಲು ಕೂತೆ. ಆ ಜಾಗ ಬಂದಾಗಲೂ ನಿಲ್ಲಿಸದೆ ಓದಿದೆ: ‘ತಂಗಿಯ ದನಿಯಲ್ಲಿ ತಿಳಿಯುವಂಥದ್ದು ಏನೂ ಇರಲಿಲ್ಲ, ಡಾಕ್ಟರು ಹೇಳಿದ್ದನ್ನು ಅವಳು ಬೇಕೆಂದೇ ಮುಚ್ಚಿಟ್ಟಿದ್ದಳು.’

"ಇದು ನಾನು ಹೇಳಿದ್ದಲ್ಲ" ಎಂದಳು ಅಕ್ಕ.

"ಅಲ್ಲ. ನಾನೇ ಬರೆದದ್ದು."

"ಕಥೆಗೆ ಚೆನ್ನಾಗಿರುತ್ತೆ ಅಂತಲಾ?"

"ಕಥೆಗಲ್ಲ ಅಕ್ಕ."

ಕೆಳಗೆ ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆದರು.

"ಅಪ್ಪ ನನ್ನ ಕೇಳಿದ್ರಾ?"

"ಕೇಳಿದ್ರು. ಬಾಗಿಲು ಸದ್ದಾದಾಗೆಲ್ಲ ‘ದೊಡ್ಡೋಳು ಬಂದ್ಲಾ’ ಅಂತಿದ್ರು."

"ನೀನೇನಂದೆ?"

ಹಾಳೆಯಲ್ಲಿ ಬರೆಯಲು ಧೈರ್ಯ ಸಾಲದೇ ಹೋದದ್ದು ಇದು. ಈಗಲೂ ಒಂದು ಸುಳ್ಳು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

"‘ಕರೆದೆ, ಬರೆಯೋ ಕೆಲಸ ಇದೆ ಬರೋಕಾಗಲ್ಲ ಅಂದ್ಲು’... ಅಂದೆ."

"ಅದಕ್ಕೆ ಅವರು?"

"‘ಪಾಪ, ಬರೀಲಿ ಬಿಡು, ತೊಂದರೆ ಕೊಡ್ಬೇಡ’ ಅಂದ್ರು. ಆಮೇಲೂ ಬಾಗಿಲು ಸದ್ದಾದ್ರೆ ಕೇಳೋರು."

ಬೈಯುತ್ತಾಳೆ, ಮನೆ ಬಿಟ್ಟು ಹೋಗು ಎನ್ನುತ್ತಾಳೆ ಎಂದು ಕಾದೆ. ಅವಳು ಕೈ ಚಾಚಿ ಹಾಳೆಗಳನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು.

"ಈ ಅಧ್ಯಾಯ ಪುಸ್ತಕಕ್ಕೆ ಬೇಡ" ಎಂದಳು.

"ನನ್ನ ಮಾನ ಹೋಗುತ್ತೆ ಅಂತ ಬಿಡ್ಬೇಡ ಅಕ್ಕ. ಹಾಕು."

"ನಿನ್ನ ಮಾನದ ಯೋಚನೆ ನನಗಿಲ್ಲ ಪುಟ್ಟಿ. ಅಪ್ಪ ಆಡಿದ್ದು ನನಗೆ ಸೇರಿದ ಮಾತು. ಹನ್ನೊಂದು ವರ್ಷ ನೀನು ಇಟ್ಕೊಂಡಿದ್ದೆ. ಇನ್ಮೇಲೆ ನಾನು ಇಟ್ಕೋತೀನಿ. ಯಾರಿಗೂ ಕೊಡಲ್ಲ." ಆಮೇಲೆ ಮೆಲ್ಲಗೆ, "ನೀನು ಸ್ವಲ್ಪ ಹೊತ್ತು ಹೊರಗಿರು" ಎಂದಳು.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕೇಳಲು ನನಗೆ ಮುಖವಿರಲಿಲ್ಲ. ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ನಿಂತೆ. ಒಳಗೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಅಕ್ಕನ ದನಿ ಕೇಳಿಸಿತು. ಮಲಗಿದ್ದವರ ಹತ್ತಿರ ಬಗ್ಗಿ ಮಾತಾಡುವ ಹಾಗೆ ಹೇಳುತ್ತಿದ್ದಳು:

"ಬಂದೆ ಅಪ್ಪಾ. ದೊಡ್ಡೋಳು ಬಂದೆ."